ತಪ್ಪು ಮಾಡಿದ ಮಗು ಯಾರ ಮಗು?

ದೀಪಾವಳಿ ಹತ್ತಿರವಾದಂತೆ ಲಂಡನ್ನಿನ ಪೊಲೀಸರಿಂದ ಭಾರತೀಯ ಕುಟುಂಬಗಳಿಗೆ ಒಂದು ಎಚ್ಚರಿಕೆ ಬರುವುದು ವಾಡಿಕೆ. ಮನೆಯಲ್ಲಿ ಚಿನ್ನ ಇಡಬೇಡಿ, ಒಡವೆ ಹಾಕಿಕೊಂಡು ಹೋಗುವಾಗ ಹುಷಾರಾಗಿರಿ, ಬಾಗಿಲು ಭದ್ರಪಡಿಸಿಕೊಳ್ಳಿ. ನಾವೂ ಅದರಂತೆ ನಡೆಯುತ್ತೇವೆ. ಹೊಸ ಬೀಗ, ಕಿಟಕಿಗೆ ಅಲಾರಂ, ಬಾಗಿಲಿಗೆ ಕ್ಯಾಮೆರಾ. ಇವೆಲ್ಲ ಬೇಕು, ಬೇಡವೆನ್ನುವುದಿಲ್ಲ. ಆದರೆ ಸುರಕ್ಷತೆ ಎಂದರೆ ಇಷ್ಟೇ ಏನು? ಬೀಗದ ಆಚೆ, ಬಸ್‌ಸ್ಟಾಪಿನಲ್ಲಿ ಗುಂಪು ಕಟ್ಟಿಕೊಂಡು ನಿಂತಿರುವ ಹದಿನಾಲ್ಕರ ಹುಡುಗ ನಮಗೆ ಏನಾಗಬೇಕು? ಈ ಪ್ರಶ್ನೆಯನ್ನು ನಾವು ಒಮ್ಮೆ ಕೂತು ಯೋಚಿಸಬೇಕಾಗಿದೆ.

ನಮ್ಮಲ್ಲಿ ಬಹಳ ಕುಟುಂಬಗಳು ಸಟನ್‌ಗೆ ಬಂದದ್ದು ಶಾಲೆಗಳಿಗಾಗಿ. ಇಲ್ಲಿನ ಐದು ಗ್ರಾಮರ್ ಶಾಲೆಗಳ ಹೆಸರು ಬೆಂಗಳೂರಿನಲ್ಲಿರುವ ನಮ್ಮ ಅಜ್ಜ ಅಜ್ಜಿಯರಿಗೂ ಬಾಯಿಪಾಠ. ಲಂಡನ್ನಿನ ಶಾಂತವಾದ ಬರೋಗಳಲ್ಲಿ ಇದೂ ಒಂದು ಎಂಬ ಮಾತೂ ನಮ್ಮನ್ನು ಸೆಳೆಯಿತು. ಆದರೆ ಊರು ಎಂದರೆ ಶಾಲೆಯ ಗೇಟಿನೊಳಗಿನ ಜಾಗ ಮಾತ್ರವಲ್ಲ. 1928ರಿಂದ 1936ರವರೆಗೆ ಲಂಡನ್ ಕೌಂಟಿ ಕೌನ್ಸಿಲ್ ಕಟ್ಟಿಸಿದ ಸೇಂಟ್ ಹೀಲಿಯರ್ ಬಡಾವಣೆಯೂ ನಮ್ಮ ಬರೋದೊಳಗೆ ಚಾಚಿಕೊಂಡಿದೆ. ಒಳ ಲಂಡನ್ನಿನ ಇಕ್ಕಟ್ಟಾದ ಓಣಿಗಳಿಂದ ಒಳ್ಳೆಯ ಗಾಳಿ, ಒಳ್ಳೆಯ ಬದುಕು ಹುಡುಕಿಕೊಂಡು ಬಂದವರಿಗಾಗಿ ಕಟ್ಟಿದ ಮನೆಗಳು ಅವು. ಅವರೂ ನಮ್ಮ ಹಾಗೆ ಮಕ್ಕಳ ಭವಿಷ್ಯಕ್ಕಾಗಿ ಬಂದವರೇ. ಅವರ ಮೊಮ್ಮಕ್ಕಳೂ ನಮ್ಮ ಮಕ್ಕಳೂ ಸಂಜೆ ಹತ್ತುವುದು ಒಂದೇ ಬಸ್ಸನ್ನು.

2000ದ ನವೆಂಬರ್ 27ರಂದು ಪೆಕ್‌ಹ್ಯಾಮ್‌ನಲ್ಲಿ ಡಾಮಿಲೋಲಾ ಟೇಲರ್ ಎಂಬ ಹತ್ತು ವರ್ಷದ ಬಾಲಕ ಗ್ರಂಥಾಲಯದಿಂದ ಮನೆಗೆ ನಡೆದು ಬರುವಾಗ ಇರಿತಕ್ಕೆ ಒಳಗಾಗಿ ತೀರಿಕೊಂಡ. ಅವನ ಕುಟುಂಬ ನೈಜೀರಿಯಾದಿಂದ ಇಲ್ಲಿಗೆ ಬಂದು ಕೆಲವೇ ತಿಂಗಳಾಗಿತ್ತು. ಅವನ ಸಾವಿಗೆ ಕಾರಣರೆಂದು 2006ರಲ್ಲಿ ತೀರ್ಪಾದ ಇಬ್ಬರು ಅಣ್ಣತಮ್ಮಂದಿರಿಗೆ ಆ ದಿನ 12 ಮತ್ತು 13 ವರ್ಷ. ಮಗನನ್ನು ಕಳೆದುಕೊಂಡ ತಂದೆ ರಿಚರ್ಡ್ ಟೇಲರ್, 2024ರಲ್ಲಿ ತಾವು ತೀರಿಕೊಳ್ಳುವವರೆಗೂ, ಇಂಥದೇ ಬಡಾವಣೆಗಳ ಮಕ್ಕಳಿಗಾಗಿ ದುಡಿದರು. ಮಗನ ಹೆಸರಿನಲ್ಲಿ ಟ್ರಸ್ಟ್ ಕಟ್ಟಿದರು. ‘ಅವರ ಮಕ್ಕಳು’ ಎಂದು ಬೆನ್ನು ತಿರುಗಿಸುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಆ ತಂದೆಗೆ ಇತ್ತು. ಅವರು ಹಾಗೆ ಮಾಡಲಿಲ್ಲ.

ಮಗು ತಪ್ಪು ಮಾಡಿದರೆ ಹೊಣೆ ಯಾರದು? ಕಾನೂನೂ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ. ಇಂಗ್ಲೆಂಡಿನಲ್ಲಿ ಅಪರಾಧದ ಹೊಣೆ ಹೊರುವ ವಯಸ್ಸು 1933ರಲ್ಲಿ 8 ಆಯಿತು, 1963ರಲ್ಲಿ 10 ಆಯಿತು. ಹತ್ತರಿಂದ ಹದಿನಾಲ್ಕರೊಳಗಿನ ಮಗುವಿಗೆ ತಾನು ಮಾಡಿದ್ದು ಘೋರ ತಪ್ಪೆಂದು ಗೊತ್ತಿತ್ತು ಎಂಬುದನ್ನು ಸರ್ಕಾರವೇ ಸಾಬೀತುಪಡಿಸಬೇಕೆಂಬ ಹಳೆಯ ನಿಯಮವನ್ನು 1998ರ ಕಾಯ್ದೆ ತೆಗೆದುಹಾಕಿತು. ಪಕ್ಕದ ಸ್ಕಾಟ್ಲೆಂಡ್ 2019ರ ಕಾಯ್ದೆಯಿಂದ ಈ ವಯಸ್ಸನ್ನು 12ಕ್ಕೆ ಏರಿಸಿತು. ಭಾರತದಲ್ಲಿ ಏಳರೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರವರೆಗೆ ಅದಕ್ಕೆ ತಿಳಿವಳಿಕೆ ಬಂದಿತ್ತೇ ಎಂದು ನೋಡಬೇಕು. ಒಂದು ಗಡಿ ದಾಟಿದರೆ ಪಾಪದ ವಯಸ್ಸೇ ಬದಲಾಗುತ್ತದೆ!

ನಮ್ಮ ಹಿರಿಯರೂ ಇದನ್ನು ಯೋಚಿಸಿದ್ದರು. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಮಹರ್ಷಿಯ ಕಥೆ ಬರುತ್ತದೆ. ರಾಜಭಟರು ಅಟ್ಟಿಸಿಕೊಂಡು ಬಂದಾಗ ಕಳ್ಳರು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಬಚ್ಚಿಟ್ಟು ತಾವೂ ಅಡಗುತ್ತಾರೆ. ಮೌನವ್ರತದಲ್ಲಿದ್ದ ಋಷಿ ಉತ್ತರ ಕೊಡುವುದಿಲ್ಲ. ಕಳ್ಳರ ಜೊತೆ ಅವನನ್ನೂ ಶೂಲಕ್ಕೇರಿಸುತ್ತಾರೆ. ಮುಂದೆ ಅವನು ಯಮಧರ್ಮನನ್ನು, ‘ನಾನು ಮಾಡಿದ ಪಾಪವಾದರೂ ಏನು?’ ಎಂದು ಕೇಳಿದಾಗ ಯಮ, ಬಾಲ್ಯದಲ್ಲಿ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದೆ ಎನ್ನುತ್ತಾನೆ. ಮಾಂಡವ್ಯ ಸುಮ್ಮನಾಗುವುದಿಲ್ಲ. ತಿಳಿಯದ ವಯಸ್ಸಿನ ಅಲ್ಪ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಕೊಟ್ಟೆಯಲ್ಲ ಎಂದು ಧರ್ಮರಾಜನನ್ನೇ ಶಪಿಸುತ್ತಾನೆ; ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಾಗಬಾರದೆಂದು ಮರ್ಯಾದೆಯನ್ನೂ ಹಾಕುತ್ತಾನೆ. ಆ ಶಾಪದಿಂದ ಹುಟ್ಟಿದವನೇ ವಿದುರ.

ಯಮನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ನ್ಯಾಯ ಸರಿಯಾಗಲಿಲ್ಲ ಎಂಬುದೇ ಈ ಕಥೆಯ ತಿರುಳು. ಇನ್ನೊಂದು ಮಾತೂ ಗಮನಿಸಬೇಕು. ಕಳ್ಳರು ಮಾಲು ಇಟ್ಟದ್ದು ಯಾರೂ ಅನುಮಾನಿಸದ ಆಶ್ರಮದಲ್ಲಿ. ಇಂದು ಲಂಡನ್ನಿನಿಂದ ಸಣ್ಣ ಊರುಗಳಿಗೆ ಮಾದಕವಸ್ತು ಸಾಗಿಸುವ ದೊಡ್ಡವರು ಮಕ್ಕಳನ್ನು ಬಳಸುವುದೂ ಹೀಗೆಯೇ. ಪೊಲೀಸರ ಕಣ್ಣಿಗೆ ಬೀಳದ, ಮರ್ಯಾದಸ್ಥರ ಮನೆಯ ಹುಡುಗನೂ ಅವರಿಗೆ ಬೇಕು. ಆದ್ದರಿಂದ ನಮ್ಮ ಮನೆಗೆ ಇದು ಬರಲಾರದು ಎಂದು ನೆಮ್ಮದಿಯಾಗಿರುವಂತಿಲ್ಲ.

ಹಾಗಾದರೆ ಮಕ್ಕಳು ಏನು ಮಾಡಿದರೂ ಮನ್ನಿಸಬೇಕೇ? ಕಳ್ಳತನವಾದ ಮನೆಯಲ್ಲಿ ಒಂಟಿಯಾಗಿರುವ ಮುದುಕಿ ರಾತ್ರಿ ಕಣ್ಣು ಮುಚ್ಚಲು ಹೆದರುವಾಗ, ‘ಪಾಪ, ಹುಡುಗರು’ ಎಂದು ನಾವು ಅವಳ ಮುಂದೆ ಹೇಳಬಲ್ಲೆವೇ? ಹೇಳಲಾರೆವು. ಕರುಣೆಯೆಂದರೆ ಹೊಣೆ ತಪ್ಪಿಸುವುದಲ್ಲ. ಮಗು ಹೊರಬಹುದಾದಷ್ಟು ಹೊಣೆಯನ್ನು ಮಗುವಿನ ಮೇಲಿಟ್ಟು, ಉಳಿದದ್ದನ್ನು ದೊಡ್ಡವರು ಹೊರುವುದು.

ಇದಕ್ಕೆ ಇಲ್ಲಿಯೇ ಒಂದು ಏರ್ಪಾಡಿದೆ. ಮೊದಲ ಸಲ ನ್ಯಾಯಾಲಯಕ್ಕೆ ಬಂದು ತಪ್ಪೊಪ್ಪಿಕೊಂಡ ಹದಿನೆಂಟರೊಳಗಿನವರನ್ನು 1999ರ ಕಾಯ್ದೆಯ ಪ್ರಕಾರ, ಮೂರರಿಂದ ಹನ್ನೆರಡು ತಿಂಗಳ ಅವಧಿಗೆ, ಒಂದು ಸಮಿತಿಗೆ ಒಪ್ಪಿಸಬಹುದು. ಅದರಲ್ಲಿ ಒಬ್ಬರು ಅಧಿಕಾರಿ, ಉಳಿದಿಬ್ಬರು ಅದೇ ಊರಿನ ಸಾಮಾನ್ಯ ಸ್ವಯಂಸೇವಕರು. ಹುಡುಗ, ಅವನ ತಂದೆತಾಯಿ, ಇಷ್ಟಪಟ್ಟರೆ ನೊಂದವರೂ ಎದುರುಬದುರು ಕೂರುತ್ತಾರೆ. ಆದ ನೋವನ್ನು ಹೇಗೆ ತುಂಬಿಕೊಡಬೇಕು, ಮುಂದೆ ಹೇಗೆ ನಡೆಯಬೇಕು ಎಂದು ಮಾತಾಡಿ ಬರೆದು ಒಪ್ಪಂದ ಮಾಡಿಕೊಳ್ಳುತ್ತಾರೆ. ನಮ್ಮ ಹಳ್ಳಿಯ ಅರಳೀಕಟ್ಟೆ ಜ್ಞಾಪಕಕ್ಕೆ ಬರುವುದಿಲ್ಲವೇ? ಸ್ವಯಂಸೇವಕರಿಗೆ ಬೇಕಾದ ತರಬೇತಿಯನ್ನು ಅವರೇ ಕೊಡುತ್ತಾರೆ. ಕಾನೂನಿನ ಪದವಿ ಬೇಕಿಲ್ಲ.

ಚಾಕು ಇಟ್ಟುಕೊಂಡ ಹುಡುಗನನ್ನು ಏಕೆಂದು ಕೇಳಿದರೆ ಅವನು ಕೊಡುವ ಸಾಮಾನ್ಯ ಉತ್ತರ, ‘ನನ್ನ ರಕ್ಷಣೆಗೆ.’ ಅವನ ಚಾಕು ಕಂಡು ಇನ್ನೊಬ್ಬ ಹೆದರಿ ತಾನೂ ಒಂದನ್ನು ಇಟ್ಟುಕೊಳ್ಳುತ್ತಾನೆ. ಭಯ ಭಯವನ್ನು ಹೆರುತ್ತದೆ. ನಮ್ಮ ಬೀಗಗಳ ಭಾಷೆಯೂ ಕೆಲವೊಮ್ಮೆ ಅದೇ ಅಲ್ಲವೇ? ಹುಡುಗರ ಗುಂಪು ಕಂಡೊಡನೆ ರಸ್ತೆಯ ಆ ಬದಿಗೆ ದಾಟುತ್ತೇವೆ. ಈ ಊರಿನಲ್ಲಿ ತಮ್ಮನ್ನು ಯಾರೂ ನಂಬುವುದಿಲ್ಲ ಎಂಬ ಪಾಠ ಅವರಿಗೂ ಸಿಗುತ್ತದೆ. 2011ರ ಆಗಸ್ಟ್ 8ರಂದು ನೆರೆಯ ಕ್ರಾಯ್ಡನ್‌ನಲ್ಲಿ 1867ರಿಂದ ಇದ್ದ ರೀವ್ಸ್ ಪೀಠೋಪಕರಣದ ಅಂಗಡಿ ಉರಿದಾಗ ಎಲ್ಲರ ಬಾಯಲ್ಲೂ ‘ಈಗಿನ ಹುಡುಗರು’ ಎಂಬ ಮಾತೇ. ಬೆಂಕಿ ಇಟ್ಟದ್ದಕ್ಕೆ ಶಿಕ್ಷೆಯಾದವನು 33 ವರ್ಷದ ಗಂಡಸು.

ಇನ್ನು ನಮ್ಮೊಳಗಿನ ಮಾತು. ನಮ್ಮ ಮನೆಗಳಲ್ಲಿ ಮಕ್ಕಳನ್ನು ಹದ್ದಿನಲ್ಲಿಡುವ ಮಂತ್ರ ಒಂದೇ: ‘ನಾಲ್ಕು ಜನ ಏನಂದಾರು?’ ಆ ಭಯದಿಂದ ಕೆಲವು ತಪ್ಪುಗಳು ತಪ್ಪುತ್ತವೆ, ನಿಜ. ಆದರೆ ತಪ್ಪು ಆಗಿಯೇ ಹೋದಾಗ ಅದೇ ಭಯ ಮಗುವಿನ ಬಾಯಿ ಕಟ್ಟುತ್ತದೆ, ತಂದೆತಾಯಿಯ ಬಾಯನ್ನೂ ಕಟ್ಟುತ್ತದೆ. ಯಾರೋ ಹುಡುಗನಿಗೆ ಒಂದು ಪೊಟ್ಟಣ ಕೊಟ್ಟು ಇಟ್ಟುಕೊಳ್ಳಲು ಹೇಳಿದರೆ ಅವನು ಯಾರಿಗೆ ಹೇಳಬೇಕು? ಮಾಂಡವ್ಯನ ಮೌನ ವ್ರತವಾಗಿತ್ತು. ನಮ್ಮ ಮಕ್ಕಳ ಮೌನ ನಮ್ಮ ಭಯದ ಫಲ.

ಆ ನಾಲ್ಕು ಜನರನ್ನು ನಾವು ಬದಲಾಯಿಸಬಹುದು. ಆಡಿಕೊಳ್ಳುವ ನಾಲ್ಕು ಜನರ ಬದಲು ಕೇಳಿಸಿಕೊಳ್ಳುವ ನಾಲ್ಕು ಜನ ಆಗಬಹುದು. ಮಗು ಏನು ಹೇಳಿದರೂ ಮೊದಲು ಪೂರ್ತಿ ಕೇಳೋಣ, ಆಮೇಲೆ ಗದರೋಣ. ಅಕ್ಕಪಕ್ಕದ ಮಕ್ಕಳ ಹೆಸರು ತಿಳಿದುಕೊಳ್ಳೋಣ. ಹೆಸರು ಹಿಡಿದು ಕರೆಯುವವರು ಇರುವ ಬೀದಿಯಲ್ಲಿ ತಪ್ಪು ಮಾಡುವುದು ಸುಲಭವಲ್ಲ. ಯಶೋದೆಗೆ ದೂರು ತಂದ ಗೋಪಿಯರಿಗೆ ಕೃಷ್ಣನ ಹೆಸರೂ ಗೊತ್ತಿತ್ತು, ಮನೆಯೂ ಗೊತ್ತಿತ್ತು. ಬಿಡುವಿರುವ ನಿವೃತ್ತರು ಆ ಸಮಿತಿಗಳ ಸ್ವಯಂಸೇವೆಯ ಬಗ್ಗೆ ವಿಚಾರಿಸಲಿ. ಕನ್ನಡ ತರಗತಿಗೂ ಹಬ್ಬದ ಊಟಕ್ಕೂ ನಮ್ಮ ಮಕ್ಕಳು ತಮ್ಮ ಶಾಲೆಯ, ಬೀದಿಯ ಗೆಳೆಯರನ್ನು ಕರೆತರಲಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಗಿಡ ಬಗ್ಗಿಸಲು ಕೈಯೇನೋ ಬೇಕು, ಆದರೆ ಮುರಿಯದ ಕೈ ಬೇಕು. ತಪ್ಪು ಮಾಡಿದ ಮಗು ಮೊದಲು ಅದರ ತಂದೆತಾಯಿಯ ಮಗು, ನಿಜವೇ. ಆದರೆ ಅವರ ಕೈ ಸೋತ ಕಡೆ ಅದು ಊರಿನ ಮಗು. ನಾವು ಈ ಊರಿನವರು ಎಂದು ಹೇಳಿಕೊಳ್ಳುವುದಾದರೆ, ಅದು ನಮ್ಮ ಮಗುವೂ ಹೌದು.