ಗಡಿಯಾರ ಹಿಡಿದು ನಿಂತವರಿಗೆ ಸನ್ಮಾನ

1894ರಲ್ಲಿ ಇಂಗ್ಲೆಂಡಿನ ಗ್ರೇಟ್ ನಾರ್ತ್ ರೋಡಿನಲ್ಲಿ ಸೈಕಲ್ ಸ್ಪರ್ಧೆ ನಡೆಯುವಾಗ ಕುದುರೆಯೊಂದು ಬೆದರಿ ಗಲಾಟೆಯಾಯಿತು. ಆ ಸವಾರರ ಗುಂಪಿನಲ್ಲಿದ್ದವರು ನಾರ್ತ್ ರೋಡ್ ಸೈಕ್ಲಿಂಗ್ ಕ್ಲಬ್ಬಿನ ಎಫ್.ಟಿ. ಬಿಡ್ಲೇಕ್. ಮರುವರ್ಷ ಕ್ಲಬ್ಬು ಸವಾರರನ್ನು ಒಬ್ಬೊಬ್ಬರಾಗಿ, ಸಮಯದ ಅಂತರ ಬಿಟ್ಟು ಕಳಿಸಿತು. ಆಮೇಲೆ ಬಿಡ್ಲೇಕರು ವರ್ಷಗಟ್ಟಲೆ ರಸ್ತೆ ಬದಿಯಲ್ಲಿ ಗಡಿಯಾರ ಹಿಡಿದು ಇತರರ ವೇಗವನ್ನು ಬರೆದುಕೊಂಡರು. 1933ರಲ್ಲಿ ಅವರು ತೀರಿಕೊಂಡ ಮೇಲೆ ಗೆಳೆಯರು ಅದೇ ರಸ್ತೆಯಲ್ಲಿ ಸ್ಮಾರಕ ನಿಲ್ಲಿಸಿ, ಅವರ ಹೆಸರಲ್ಲಿ ಪುರಸ್ಕಾರವನ್ನೂ ಆರಂಭಿಸಿದರು.

ಫಲ ಬಯಸದೆ ದುಡಿ ಎನ್ನುತ್ತದೆ ಗೀತೆ. ಹಾಗಾದರೆ ಇಂಥ ಸೇವೆಗೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನ ಏಕೆ?

ಗೀತೆಯ ಕಟ್ಟಳೆ ದುಡಿಯುವವನಿಗೆ, ಆ ಸೇವೆ ಪಡೆದವರಿಗಲ್ಲ. ಅವರ ಪಾಲಿಗಿರುವುದು ನಮ್ಮ ಪರಂಪರೆ ಋಣವೆಂದು ಕರೆದ ಹೊರೆ. ಸನ್ಮಾನ ಆ ಋಣದ ಒಂದು ಕಂತು, ಅಷ್ಟೆ.

ತೊಡಕಿರುವುದು ಇನ್ನೊಂದು ಕಡೆ. 1893ರಲ್ಲಿ ಹದಿನಾರರ ಹುಡುಗಿ ಟೆಸ್ಸಿ ರೆನಾಲ್ಡ್ಸ್ ಬ್ರೈಟನ್ನಿನಿಂದ ಲಂಡನ್ನಿಗೆ ಸೈಕಲ್ಲಿನಲ್ಲಿ ಹೋಗಿಬಂದಾಗ ಇದೇ ಬಿಡ್ಲೇಕರು ಆಕೆಯನ್ನು ಹೀಗಳೆದಿದ್ದರು. ಸೇವೆಯನ್ನು ಗೌರವಿಸಿದರೆ ಈ ಸಣ್ಣತನಕ್ಕೂ ತಲೆಬಾಗಿದಂತೆಯೇ? ಹಾಗೇನಿಲ್ಲ, ಆದರೆ ಅದನ್ನು ಮುಚ್ಚಿಟ್ಟರೆ ಸನ್ಮಾನ ಸುಳ್ಳಾಗುತ್ತದೆ.

ಮುಂದೆ ಬಿಡ್ಲೇಕರ ಹೆಸರಿನ ಪುರಸ್ಕಾರ ಮಾರ್ಲಿ ಸೈಕ್ಲಿಂಗ್ ಕ್ಲಬ್ಬಿನ ಬೆರಿಲ್ ಬರ್ಟನ್ ಎಂಬ ಮಹಿಳೆಗೂ ಸಂದಿತು. 1967ರ ಹನ್ನೆರಡು ಗಂಟೆಗಳ ಸ್ಪರ್ಧೆಯಲ್ಲಿ ಆಕೆ 277.25 ಮೈಲಿ ತುಳಿದರು. ಅದೇ ದಿನ ಪುರುಷರ ದಾಖಲೆ ಮುರಿದ ಮೈಕ್ ಮ್ಯಾಕ್‌ನಮಾರಾ ಅವರನ್ನು ದಾಟುವಾಗ ಜೇಬಿನಿಂದ ಮಿಠಾಯಿ ತೆಗೆದು ಕೊಟ್ಟರಂತೆ. ಮ್ಯಾಕ್‌ನಮಾರಾ ಅದನ್ನು ಬಾಯಿಗೆ ಹಾಕಿಕೊಂಡರು, ಆಕೆ ತುಳಿಯುತ್ತಲೇ ಹೋದರು.