ತ್ಯಾಜ್ಯವೂ ತ್ಯಾಗವೂ

ಪಟ್ಟಣದ ಕಸವನ್ನು ಸುರಿಯುವುದಕ್ಕೆ ಹೊಸ ನೆಲವನ್ನು ಗೊತ್ತುಮಾಡಹೊರಟಾಗಲೆಲ್ಲ ಸುತ್ತಣ ಹಳ್ಳಿಯವರು ಅಡ್ಡ ನಿಲ್ಲುವರು. ಆಗ ಪಟ್ಟಣದ ವಿದ್ಯಾವಂತರು ಅವರನ್ನು ಸ್ವಾರ್ಥಿಗಳೆಂದು ಜರೆದು, ಮಹಾಭಾರತದ ವಿದುರನ ನೀತಿಯೊಂದನ್ನು ಮುಂದಿಡುವುದುಂಟು. ಜನಪದದ ಹಿತಕ್ಕಾಗಿ ಒಂದು ಗ್ರಾಮದ ಹಿತವನ್ನು ಬಿಡಬಹುದೆಂಬುದು ಅದರ ತಾತ್ಪರ್ಯ.

ಆದರೆ ವಿದುರನು ಅದನ್ನು ಯಾರಿಗೆ ಹೇಳಿದನೆಂಬುದನ್ನು ಮರೆಯಲಾಗದು. ದುರ್ಯೋಧನನು ಹುಟ್ಟಿದಾಗ ತೋರಿದ ಅಪಶಕುನಗಳನ್ನು ಕಂಡು, ಈ ಶಿಶುವನ್ನು ಬಿಟ್ಟುಬಿಡೆಂದು ಧೃತರಾಷ್ಟ್ರನಿಗೇ ಹೇಳಿದನು. ಬಿಡಬೇಕಾದವನು ತಂದೆ; ಬಿಡಬೇಕಾದದ್ದು ಅವನದೇ ಕರುಳಿನ ಕುಡಿ. ನೆರೆಮನೆಯವನ ಮಗನನ್ನು ಬಿಡಿಸುವ ಅಧಿಕಾರವನ್ನು ಆ ನೀತಿಯು ಯಾರಿಗೂ ಕೊಟ್ಟಿಲ್ಲ. ತನ್ನದನ್ನು ತಾನು ಬಿಟ್ಟರೆ ತ್ಯಾಗ. ಪರರದನ್ನು ಬಿಡಿಸಿದರೆ ಅದಕ್ಕೆ ಬೇರೆ ಹೆಸರುಂಟು. ಧೃತರಾಷ್ಟ್ರನು ಒಪ್ಪಲಿಲ್ಲವೆಂಬುದು ಅಂತಿರಲಿ.

ಬೆಂಗಳೂರಿನಲ್ಲಿ ನಡೆದುದನ್ನು ನೋಡಬಹುದು. ನಗರದ ಉತ್ತರಕ್ಕಿರುವ ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ನಿಂತ ಕೂಡಲೆ ನಗರದ ಬೀದಿಗಳಲ್ಲಿ ಕಸದ ರಾಶಿಗಳೆದ್ದವು. ಪೂರ್ವದ ಮಂಡೂರಿನ ಮೇಲೆ ಹೊರೆ ಹೆಚ್ಚಿತು. ದುರ್ನಾತವನ್ನೂ ನೊಣಗಳನ್ನೂ ಸಹಿಸಿ ಸಹಿಸಿ, ಕಡೆಗೆ 2014ರಲ್ಲಿ ಮಂಡೂರಿನವರು ಲಾರಿಗಳನ್ನು ತಡೆದರು. ಸಿದ್ದರಾಮಯ್ಯನವರ ಸರಕಾರವು ಗಡುವನ್ನು ಕೊಟ್ಟು, ಆ ವರ್ಷದ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಹೋಗುವುದನ್ನು ನಿಲ್ಲಿಸಿತು. ಕಸವೇನೂ ಮಾಯವಾಗಲಿಲ್ಲ. ಬೆಳ್ಳಹಳ್ಳಿಯೇ ಮೊದಲಾದ ಕಡೆ ಕಲ್ಲುಗಣಿಯ ಹಳ್ಳಗಳನ್ನು ಹುಡುಕಿಕೊಂಡು ನಡೆಯಿತು.

ಇನ್ನು ಹೊಸಪೇಟೆಯ ಸೀಮೆಯಲ್ಲಿ ನೆಲದ ಪ್ರಶ್ನೆ ಮತ್ತಷ್ಟು ಇಕ್ಕಟ್ಟಿನದು. ಒಂದು ಕಡೆ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪೆ. ಇನ್ನೊಂದು ಕಡೆ ತುಂಗಭದ್ರೆ, ಅದರ ಕಾಲುವೆಗಳು, ಕಂಪ್ಲಿಯ ಗದ್ದೆಗಳು. ಮತ್ತೊಂದು ಕಡೆ ಸಂಡೂರಿನ ಕಾಡುಗುಡ್ಡಗಳು. ಕಸದ ನೆಲವು ನದಿಯಿಂದ 100 ಮೀಟರು, ಕೊಳ, ಹೆದ್ದಾರಿ, ವಸತಿಗಳಿಂದ 200 ಮೀಟರು ದೂರವಿರಬೇಕೆಂದು 2016ರ ನಿಯಮಗಳು ವಿಧಿಸಿದವು. ಇಷ್ಟನ್ನೂ ಕಳೆದ ಮೇಲೆ ‘ಖಾಲಿ’ಯೆಂದು ಕಾಣುವುದು ಬಹುಮಟ್ಟಿಗೆ ಗೋಮಾಳ. ಅದು ಕಡತದಲ್ಲಿ ಖಾಲಿ. ಕುರಿ ಮೇಯಿಸುವವನಿಗೆ ಖಾಲಿಯಲ್ಲ.

ಇದೇ ಸೀಮೆಯ ನದೀತೀರದ ಹಳ್ಳಿಗಳು 1953ರಲ್ಲಿ ಮುಗಿದ ಅಣೆಕಟ್ಟಿಗಾಗಿ ಮುಳುಗಲಿಲ್ಲವೇ ಎಂದು ಕೇಳುವವರುಂಟು. ಮುಳುಗಿದವು, ಅವುಗಳ ಋಣ ತೀರಿತೆಂದು ಹೇಳಲಾಗದು. ಆದರೂ ನದಿಯನ್ನು ಹಿತ್ತಿಲಿನಲ್ಲಿ ಕಟ್ಟಿಡಲಾಗದು. ಕಸದ ಸಂಗತಿ ಹಾಗಲ್ಲ. ಪಟ್ಟಣದ ಕಸದಲ್ಲಿ ಸುಮಾರು ಅರ್ಧ ಪಾಲು ಸೊಪ್ಪು, ಸಿಪ್ಪೆ, ಉಳಿದ ಅನ್ನ, ಬೇರೆಯಾಗಿಟ್ಟರೆ ಗೊಬ್ಬರವಾಗತಕ್ಕದ್ದು. ಅದನ್ನು ಒಣಕಸದೊಡನೆ ಬೆರೆಸಿ ಗುಡ್ಡೆ ಹಾಕಿದಾಗಲೇ ಕೊಳೆತು ನಾರಿ, ಕಪ್ಪುನೀರನ್ನು ನೆಲಕ್ಕಿಳಿಸುವುದು. ರೈತನ ತಿಪ್ಪೆ ಅವನ ಮನೆಯ ಬಳಿಯೇ ಇರುವುದು, ಅವನ ಹೊಲಕ್ಕೇ ಹೋಗುವುದು. ಆ ತಿಪ್ಪೆಗಾಗಿ ಊರಿಗೆ ಊರೇ ದಾರಿಗೆ ಅಡ್ಡ ಕುಳಿತುದಿಲ್ಲ.

ಬೇರ್ಪಡಿಸಿದ ಮೇಲೂ ಉಳಿಯುವ ಶೇಷವುಂಟು. ಅದಕ್ಕೆ ನೆಲ ಬೇಕೇ ಬೇಕು. ಎಲ್ಲ ಹಳ್ಳಿಗಳೂ ಒಲ್ಲೆವೆಂದರೆ ನಡೆಯದೆಂಬುದೂ ದಿಟ. ಆದರೆ ಅದನ್ನು ಕೇಳುವ ಪಟ್ಟಣವು ಮೊದಲು ತನ್ನ ಬಡಾವಣೆಗಳಲ್ಲಿ ಹಸಿಕಸವನ್ನು ಮಾಗಿಸಲು ಜಾಗ ಬಿಟ್ಟಿರಬೇಕು. ಹಾಗೆ ಬಿಡಹೊರಟಲ್ಲಿ, ಉದ್ಯಾನದ ಮೂಲೆಯ ಗೊಬ್ಬರದ ಗುಂಡಿ ತಮ್ಮ ಬೀದಿಗೆ ಬೇಡವೆಂದು ಅರ್ಜಿ ಬರೆಯುವವರು ಎಷ್ಟೋ ವೇಳೆ ಹಳ್ಳಿಯವರಿಗೆ ವಿದುರನೀತಿಯನ್ನು ಹೇಳಿದವರೇ ಆಗಿರುತ್ತಾರೆ.