ಬೀದಿಯ ರುಚಿಗೆ ಒಡೆಯರಾರು?

ಮೈಸೂರು ಪಾಕವು ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಅರಮನೆಯ ಬಾಣಸಿಗರಾದ ಕಾಕಾಸುರ ಮಾದಪ್ಪನವರ ಕೈಯಲ್ಲಿ ಮೊದಲು ಸಿದ್ಧವಾಯಿತೆಂದು ಪ್ರತೀತಿ. ಅರಸರ ಎಲೆಗೆ ಬಡಿಸಿದ ಆ ತಿನಿಸು ಕ್ರಮೇಣ ಅರಮನೆಯ ಹೆಬ್ಬಾಗಿಲನ್ನು ದಾಟಿ ಸಯ್ಯಾಜಿರಾವ್ ರಸ್ತೆಯ ಅಂಗಡಿಗೆ ಬಂದು, ಕಾಸು ಕೊಟ್ಟವರೆಲ್ಲರ ಸೊತ್ತಾಯಿತು. ಮೇಲಿನದು ಹೀಗೆ ಕೆಳಗಿಳಿದು ಹಂಚಿಕೆಯಾಗುವುದು ನಗರಜೀವನದ ಧರ್ಮವಷ್ಟೆ. ಈಗಲಾದರೋ ಇದಕ್ಕೆ ವಿಪರೀತವಾದ ನಡೆಯೊಂದು ಕಾಣಬರುತ್ತಿರುವುದು: ಬೀದಿಯ ತಿನಿಸು ಮೇಲಕ್ಕೇರಿ, ಬೀದಿಯವರಿಗೇ ನಿಲುಕದಂತಾಗುವುದು.

ಕೆ. ಪಟ್ಟಾಭಿ ಜೋಯಿಸರ ಯೋಗಶಾಲೆಯು 2002ರಲ್ಲಿ ಲಕ್ಷ್ಮೀಪುರದಿಂದ ಗೋಕುಲಂ ಬಡಾವಣೆಗೆ ಬಂದ ಬಳಿಕ, ದೇಶಾಂತರಗಳ ವಿದ್ಯಾರ್ಥಿಗಳು ಅಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡತೊಡಗಿದರು. ಅವರ ಹಿಂದೆಯೇ ಬಾಡಿಗೆಗಳು ಏರಿದುವು. ಅವರ ಅಭಿರುಚಿಗೊಪ್ಪುವ ಉಪಾಹಾರಗೃಹಗಳು ತಲೆಯೆತ್ತಿದುವು. ವಿದ್ಯೆಯನ್ನರಸಿ ಬಂದ ಅತಿಥಿಯು ಅಪರಾಧಿಯಲ್ಲ. ಹೆಚ್ಚು ಬಾಡಿಗೆಗೆ ಮನೆ ಕೊಟ್ಟ ಗೃಹಸ್ಥನೂ ಅಪರಾಧಿಯಲ್ಲ. ಅಪರಾಧಿಗಳಿಲ್ಲದೆಯೇ ಅನ್ಯಾಯವು ನಡೆಯಬಲ್ಲುದೆಂಬುದೇ ಇಲ್ಲಿಯ ತೊಡಕು.

ನಷ್ಟವಾಗುವುದಾದರೂ ಏನು? ದೋಸೆಯೂ ಉಳಿದೀತು, ಚಟ್ನಿಯೂ ಉಳಿದೀತು. ಆದರೆ ಕೇರಿಯ ಸಣ್ಣ ಹೋಟೆಲಿನವನು ಯಾರ ಕಾಫಿಗೆ ಸಕ್ಕರೆ ಸಲ್ಲದು, ಯಾರ ಕೈ ತಿಂಗಳ ಕೊನೆಯಲ್ಲಿ ಬರಿದಾಗುವುದು ಎಂಬುದನ್ನು ಬಲ್ಲನು. ಲೆಕ್ಕ ಬರೆದುಕೊಂಡು ಇಡ್ಲಿ ಕೊಡುವನು. ಈ ಅರಿವು ಯಾವ ಪಾಕಶಾಸ್ತ್ರದಲ್ಲಿಯೂ ಇಲ್ಲ. ಅಂಗಡಿಯು ಬೀದಿಯನ್ನು ಬಿಟ್ಟ ದಿನ ಅದೂ ಅಳಿಯುವುದು.

ನಂಜನಗೂಡು ರಸಬಾಳೆಗೂ ಮೈಸೂರು ವೀಳ್ಯದೆಲೆಗೂ ಭೌಗೋಳಿಕ ಸೂಚನೆಯ ರಕ್ಷೆ ದೊರೆತಿರುವುದು ಸಂತೋಷದ ಸಂಗತಿ. ದೇವರಾಜ ಮಾರುಕಟ್ಟೆಯ ಒಂದು ಭಾಗವು 2016ರಲ್ಲಿ ಕುಸಿದ ಮೇಲೆ, ಕಟ್ಟಡವನ್ನು ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂದು ವರ್ಷಗಟ್ಟಲೆ ವಾದ ನಡೆಯಿತು. ಹೀಗೆ ಹೆಸರಿಗೆ ಕಾಯಿದೆಯುಂಟು, ಗೋಡೆಗೆ ವಕೀಲರುಂಟು. ಉಣ್ಣುವವನ ಪರವಾಗಿ ಮಾತನಾಡುವವರಿಲ್ಲ.

ಬಡವನ ಸಲುವಾಗಿ ಅಂಗಡಿಯವನು ತಾನೇ ಬಡವನಾಗಲೆಂದು ಕೇಳುವುದೂ ನ್ಯಾಯವಲ್ಲ. ಅವನಿಗೂ ಸಂಸಾರವುಂಟು. ಒಬ್ಬನ ಔದಾರ್ಯದ ಮೇಲೆ ಹೊರಿಸಿದ ಧರ್ಮವು ಬಹುಕಾಲ ನಿಲ್ಲದು. ಆದುದರಿಂದ ಈ ಹೊರೆಯನ್ನು ಊರೇ ಹೊರತಕ್ಕದ್ದು: ಪೌರಸಂಸ್ಥೆಯು ತನ್ನ ಮಳಿಗೆಗಳಲ್ಲಿ ಕೆಲವನ್ನಾದರೂ ಅಲ್ಪ ಬಾಡಿಗೆಗೆ ಸಣ್ಣ ತಿಂಡಿಯವರಿಗೆ ಮೀಸಲಿಡಬಹುದು, ಅನುಕೂಲಸ್ಥರು ಹಳೆಯ ಅಂಗಡಿಯ ಬಾಗಿಲನ್ನು ಮರೆಯದಿರಬಹುದು.

ಅರಮನೆಯ ಪಾಕವು ಬೀದಿಗೆ ಬಂದುದರಿಂದ ಅರಮನೆಗೆ ಕೊರತೆಯಾಗಲಿಲ್ಲ. ಬೀದಿಯ ಇಡ್ಲಿಯು ಬೀದಿಯನ್ನು ತೊರೆದರೆ ಮಾತ್ರ, ಮುಂಜಾನೆ ಕೂಲಿಗೆ ಹೊರಟವನು ಹಸಿದೇ ಹೋಗುವನು. ರುಚಿಯ ಮಾತು ಅಲ್ಲಿಗೆ ಮುಗಿದು, ನ್ಯಾಯದ ಮಾತು ಮೊದಲಾಗುವುದು.